ಹರಿಹರಕ್ಕೆ ಅರ್ಧ ಡಬ್ಬಿ

ನನ್ನ ಬಾಯಿ ಜೋರು. ದಾವಣಗೆರೆ ಪಿ.ಜೆ. ಬಡಾವಣೆಯಾಗೆ ಬ್ಲೌಸ್ ಹೊಲಿಸಾಕೆ ಬರೋ ಹೆಣ್ಣುಮಕ್ಕಳನ್ನ ಕೇಳಿ ನೋಡ್ರಿ, ದ್ಯಾಮವ್ವನ ಹತ್ರ ಮೊದಲು ಬೈಸ್ಕಬೇಕು, ಆಮ್ಯಾಲೆ ಅಳತೆ ಕೊಡಬೇಕು ಅಂತಾರೆ. ಇರ್ಲಿ. ಈಗ ಹೇಳಾಕೆ ಕೂತಿರೋದು ಬಾಯಿ ವಿಚಾರ ಅಲ್ಲ, ಹೊಟ್ಟೆ ವಿಚಾರ.

ನನಗೆ ದೊಡ್ಡ ಕರುಳಿನಾಗೆ ಕ್ಯಾನ್ಸರ್ ಆಗಿತ್ತು. ಡಾಕ್ಟ್ರು ಕೆಟ್ಟ ಭಾಗ ಕತ್ತರಿಸಿ ಬಿಸಾಕಿ, ಉಳಿದ ತುದೀನ ಹೊಟ್ಟೆ ಮ್ಯಾಲೆ ಎಡಗಡೆಗೆ ಒಂದು ತೂತು ಮಾಡಿ ಹೊರಗೆ ತಂದು ಹೊಲಿದ್ರು. ಹೊಲಿಗೆ ಚೆನ್ನಾಗೇ ಹಾಕ್ಯಾರೆ, ನಾನು ಹೊಲಿಯೋಳು, ನನಗೆ ಗೊತ್ತಾಗ್ತೈತೆ. ಅವತ್ತಿಂದ ನನ್ನ ಮಲ ಬರೋದು ಆ ತೂತಿನಿಂದ. ಬರೋ ಹೊತ್ತಿಗೆ ಬರ್ತೈತೆ, ತಡಿಯಾಕೆ ಆಗಲ್ಲ. ಅದನ್ನ ಹಿಡಿಯಾಕೆ ಹೊಟ್ಟೆಗೆ ಒಂದು ಚೀಲ ಅಂಟಿಸ್ಕಬೇಕು. ಒಳ್ಳೇ ಚೀಲ ಇದ್ರೆ ನೀವು ನನ್ನ ಪಕ್ಕದಾಗೇ ಕೂತು ಬಸ್ಸಿನಾಗೆ ಹರಿಹರಕ್ಕೆ ಹೋದ್ರೂ ನಿಮಗೆ ಗೊತ್ತಾಗಲ್ಲ. ಇಲ್ದಿದ್ರೆ ಪಾಲಿಥಿನ್ ಕವರು, ಹಳೇ ಸೀರೆ ಚೂರು, ದಾರ. ಆವಾಗ ಇಡೀ ಬಸ್ಸಿಗೇ ಗೊತ್ತಾಗ್ತೈತೆ.

ನಮ್ಮಂಥೋರು ಈ ಊರಾಗೆ ಬಾಳ ಜನ ಅದಾರೆ, ಯಾರೂ ಹೇಳ್ಕಳ್ಳಲ್ಲ ಅಷ್ಟೆ. ನಮ್ಮದೊಂದು ಸಂಘ ಐತೆ. ತಿಂಗಳಿಗೊಂದು ಭಾನುವಾರ ಒಬ್ಬ ಪುಣ್ಯಾತ್ಮ ಡಾಕ್ಟ್ರು ತಮ್ಮ ಕ್ಲಿನಿಕ್ಕಿನ ಹಜಾರ ಬಿಟ್ಟುಕೊಡ್ತಾರೆ. ಅಲ್ಲಿ ಕೂತು ಯಾರ ಚರ್ಮ ಕೆಂಪಾಗೈತೆ, ಯಾರ ಸೊಸೆ ತಟ್ಟೆ ಬೇರೆ ಇಟ್ಟಾಳೆ ಅಂತ ಮಾತಾಡ್ತೀವಿ, ಅಳ್ತೀವಿ, ಹೊಟ್ಟೆ ಹಿಡ್ಕಂಡು ನಗ್ತೀವಿ ಕೂಡ. ಹಜಾರದ ಮೂಲೆಗೆ ಒಂದು ಮರದ ಕಪಾಟು ಐತೆ. ದಾನ ಬಂದ ಚೀಲ ಅದರಾಗೆ ಇಟ್ಟು, ಇಲ್ಲದೋರಿಗೆ ಕೊಡ್ತೀವಿ. ಕೀಲಿ ನನ್ನ ಸೊಂಟದಾಗೆ ಇರ್ತೈತೆ.

ದಾನ ಎಲ್ಲಿಂದ ಬರ್ತೈತೆ ಅಂದ್ರೆ, ಸತ್ತೋರ ಮನೆಯಿಂದ. ಸುತ್ತಿ ಬಳಸಿ ಯಾಕ ಹೇಳ್ಲಿ? ಚೀಲ ದುಬಾರಿ, ಬದುಕಿರೋರು ಯಾರೂ ಎತ್ತಿ ಕೊಡಲ್ಲ. ಒಬ್ರು ಹೋದ್ರೆ ಅವರ ಡಬ್ಬಿಯಾಗೆ ಉಳಿದಿರ್ತಾವಲ್ಲ, ಅವೇ ನಮಗೆ ಗತಿ. ಅದನ್ನ ಕೇಳಾಕೂ ಒಂದು ಹೊತ್ತು ಐತೆ. ಸತ್ತ ದಿನವೇ ಹೋಗಿ ಕೇಳಿದ್ರೆ ಹದ್ದು ಬಂತು ಅಂತಾರೆ. ವಾರ ಬಿಟ್ಟು ಹೋದ್ರೆ ಹಾಸಿಗೆ, ಔಷಧಿ, ಚೀಲ ಎಲ್ಲಾ ಗಂಟು ಕಟ್ಟಿ ಹೊಳೆಗೆ ಬಿಟ್ಟಿರ್ತಾರೆ. ಅದಕ್ಕೇ ನಾನು ಮೂರನೇ ದಿನ ಹೋಗ್ತೀನಿ, ಸಮಾಧಿಗೆ ಹಾಲು-ತುಪ್ಪ ಬಿಡೋ ದಿನ. ಅವತ್ತು ಅಳು ಒಂಚೂರು ಇಳಿದಿರ್ತೈತೆ, ಸಾಮಾನಿಗೆ ಇನ್ನೂ ಯಾರೂ ಕೈ ಹಚ್ಚಿರಲ್ಲ.

ಬಕ್ಕೇಶಪ್ಪ ಗೌಡ್ರು ಹೋದಾಗಲೂ ಹಂಗೇ ಮೂರನೇ ದಿನ ಹೋದೆ. ಆದ್ರೆ ಆ ಡಬ್ಬಿ ಕಪಾಟಿಗಲ್ಲ. ಅದು ಯಾರಿಗೆ ಸೇರಬೇಕು ಅಂತ ಗೌಡ್ರೇ ಹೇಳಿದ್ರು.

ಗೌಡ್ರು ಶಾಮನೂರಿನೋರು. ಹೊಲ ಇತ್ತು, ಈಗ ಅರ್ಧ ಹೊಲದಾಗೆ ಸೈಟು, ಕರೆಂಟು ಕಂಬ. ಆಪರೇಷನ್ ಆದ ಮ್ಯಾಲೆ ಮೊದಲ ಸಲ ಸಂಘಕ್ಕೆ ಬಂದಾಗ ಕುರ್ಚಿ ಮ್ಯಾಲೆ ಕೂಡದೆ ಬಾಗಿಲಾಗೇ ನಿಂತುಬಿಟ್ಟಿದ್ರು, ವಾಸನೆ ಬಂದ್ರೆ ಅಂತ. ಅಷ್ಟು ದೊಡ್ಡ ಮೀಸೆ ಮನುಷ್ಯ, ಕಣ್ಣಾಗೆ ನೀರು. ಆಗ ಎದ್ದು ಹೋಗಿ ಕೈ ಹಿಡ್ಕಂಡು ಒಳಗೆ ಕರ್ಕಂಡು ಬಂದೋರು ಮಸ್ತಾನಸಾಬ್ರು, ಹರಿಹರದ ಬಡಗಿ. "ಬರ್ರಿ ಗೌಡ್ರೆ, ಕೂಡ್ರಿ. ಇಲ್ಲಿ ಎಲ್ಲರೂ ನಾರೋರೇ. ನಿಮ್ಮದು ಯಾವುದು ನಮ್ಮದು ಯಾವುದು ಅಂತ ಯಾರಿಗೆ ಗೊತ್ತಾಗ್ತೈತೆ!" ಅಂದ್ರು. ಗೌಡ್ರು ನಕ್ಕುಬಿಟ್ರು. ಅವತ್ತಿಂದ ಇಬ್ಬರೂ ಪಕ್ಕ ಪಕ್ಕದ ಕುರ್ಚಿ.

ಮಸ್ತಾನಸಾಬ್ರದು ನಮ್ಮಂಗಲ್ಲ. ಅವರಿಗೆ ಸಣ್ಣ ಕರುಳನ್ನೇ ಹೊರಗೆ ತಂದಿದ್ರು. ನೀರು ನೀರಾಗಿ ಯಾವಾಗಲೂ ಹರೀತಾನೇ ಇರ್ತೈತೆ, ಚರ್ಮಕ್ಕೆ ತಾಗಿದ್ರೆ ಸುಣ್ಣ ಬಿದ್ದಂಗೆ ಸುಡ್ತೈತೆ. ಹೋದಷ್ಟು ನೀರು ಕುಡೀತಾ ಇರ್ಬೇಕು, ಇಲ್ದಿದ್ರೆ ಮೈ ಬತ್ತಿ ಕಿಡ್ನಿಗೆ ಹೊಡಿತೈತೆ ಅಂತ ಡಾಕ್ಟ್ರು ಖಡಕ್ಕಾಗಿ ಹೇಳಿದ್ರು. ಹಗಲೆಲ್ಲಾ ಹನಿ ನೀರೂ ಮುಟ್ಟದ ರಂಜಾನ್ ರೋಜಾ ಕೂಡ ಬಿಡಿಸಿದ್ರು. ಆಪರೇಷನ್ನಿಗೆ ಅಳದಿದ್ದ ಮನುಷ್ಯ ರೋಜಾ ಬಿಡು ಅಂದಾಗ ಅತ್ತಿದ್ರು. ಮರಗೆಲಸ ನಿಂತಿತ್ತು. ಆದ್ರೂ ಸಂಘದ ಕಪಾಟು ಮಾಡಿಕೊಟ್ಟೋರು ಅವರೇ, ಒಂದು ಮೊಳೆ ಕಾಣಂಗಿಲ್ಲ, ಅಷ್ಟು ಚೆಂದ.

ಗೌಡ್ರ ಮಗ ಪ್ರಶಾಂತ ಅಪ್ಪನಿಗೆ ತಿಂಗಳಿಗೊಂದು ಡಬ್ಬಿ ಚೀಲ ತರಿಸ್ತಿದ್ದ. ಗೌಡ್ರು ಅದರಾಗೆ ಅರ್ಧ ತೆಗೆದು, ಜೋಳದ ಹಿಟ್ಟಿನ ಚೀಲದಾಗೆ ಮುಚ್ಚಿಟ್ಕಂಡು, ಬಸ್ಸು ಹತ್ತಿ ಹರಿಹರಕ್ಕೆ ಹೋಗಿ ಮಸ್ತಾನಸಾಬ್ರಿಗೆ ಕೊಟ್ಟು ಬರ್ತಿದ್ರು. ಹೆಂಡ್ತಿ ಕಸ್ತೂರಮ್ಮಗೆ ಹೇಳಿರಲಿಲ್ಲ. "ಯಾಕ ಹೇಳಲ್ಲ ಗೌಡ್ರೆ?" ಅಂದ್ರೆ, "ಬ್ಯಾಡ ಅನ್ನೋಳಲ್ಲ ದ್ಯಾಮವ್ವ. ಆದ್ರೆ ಗಂಡನ ಚೀಲ ಇನ್ನೊಬ್ಬರ ಹೊಟ್ಟೆ ಮ್ಯಾಲೆ ಅಂದ್ರೆ ಅಪಶಕುನ ಅಂತ ನಿದ್ದೆ ಬಿಡ್ತಾಳೆ" ಅಂತಿದ್ರು.

ಕ್ಯಾನ್ಸರ್ ತಿರುಗಿ ಬಂದು ಗೌಡ್ರು ಹಾಸಿಗೆ ಹಿಡಿದ್ರು. ಹರಿಹರಕ್ಕೆ ಅರ್ಧ ಡಬ್ಬಿ ಹೋಗೋದು ನಿಂತಿತು. ನನ್ನ ಕಪಾಟಿನಾಗೂ ಏನಿಲ್ಲ. ಹೊಸಬರು ಬಾಳ ಜನ ಸೇರಿದ್ರು, ಸತ್ತೋರು ಯಾರೂ ಇರಲಿಲ್ಲ. ಮಸ್ತಾನಸಾಬ್ರು ಪಾಲಿಥಿನ್ನಿಗೆ ಬಂದ್ರು. ಒಂದು ಸಲ ನೆಂಟರ ಶಾದಿಯಾಗೆ ಊಟದ ಪಂಕ್ತಿಯಾಗೇ ಕವರು ಬಿಚ್ಚಿಹೋತು. ಎಡಕ್ಕಿದ್ದೋರು ಎದ್ರು, ಬಲಕ್ಕಿದ್ದೋರು ಎದ್ರು, ನಡುವೆ ಇವರೊಬ್ರೇ ಕೂತಿದ್ರಂತೆ. ಆಮ್ಯಾಲೆ ಮಸೀದಿ ಬಿಟ್ರು, ಸಂಘ ಬಿಟ್ರು, ಮನೆ ಹಿಂದಿನ ಖೋಲಿ ಸೇರ್ಕಂಡ್ರು.

ಅಷ್ಟರಾಗೆ ಅವರ ಮಗಳು ಆಮ್ನಾಗೆ ಗಂಡು ಗೊತ್ತಾತು. ಒಬ್ಬಳೇ ಮಗಳು. ಮಸ್ತಾನಸಾಬ್ರು ತಮ್ಮ ಹಿದಾಯತ್‌ನ ಕರೆದು, "ನಿಕಾಹದಾಗೆ ಅಪ್ಪನ ಜಾಗದಾಗೆ ನೀನು ಕೂಡು, ನಾನು ಖೋಲಿಯಾಗೆ ಇರ್ತೀನಿ" ಅಂದ್ರಂತೆ. ಆಮ್ನಾ ನೆಟ್ಟಗೆ ಹೇಳಿದಳು, "ಅಬ್ಬಾ ಕೂಡದಿದ್ರೆ ನಾನು ಕಬೂಲ್ ಅನ್ನಲ್ಲ." ಹುಡುಗಿ ಹಟಮಾರಿ, ನನಗೆ ಬಾಳ ಇಷ್ಟ.

ಈ ಸುದ್ದೀನ ನಾನೇ ಗೌಡ್ರಿಗೆ ಹೇಳಿದೆ. ಅವರಿಗೆ ಮಾತು ಬರ್ತಿದ್ದೇ ಕಷ್ಟ. ಕಸ್ತೂರಮ್ಮ ನೀರು ತರಾಕೆ ಒಳಗೆ ಹೋದಾಗ ನನ್ನ ಕೈ ಹಿಡಿದು, "ಹೊಸ ಡಬ್ಬಿ ಒಡೆದೇ ಇಲ್ಲ. ನಾನಿನ್ನು ಒಡೆಯಲ್ಲ. ಅದು ಮಸ್ತಾನಂದು. ಮಗಳ ನಿಕಾಹದಾಗೆ ಅವನು ಕೂಡಬೇಕು" ಅಂದ್ರು. "ಕಸ್ತೂರಮ್ಮಗೆ ಹೇಳ್ರಿ" ಅಂದೆ. "ನಾನು ಹೋದ ಮ್ಯಾಲೆ ಅಂತ ಹೆಂಗೆ ಬಾಯಿ ತೆಗೀಲಿ ಅವಳ ಮುಂದೆ, ನೀನೇ ಹೇಳು ಆಮ್ಯಾಲೆ" ಅಂದ್ರು. ಅಷ್ಟೊತ್ತಿಗೆ ಆಯಮ್ಮ ಲೋಟ ತಗಂಡು ಬಂದ್ರು, ಮಾತು ಅಲ್ಲಿಗೇ ನಿಂತಿತು.

ಮೂರನೇ ದಿನ ನಾನು ಹೋದಾಗ ಎಲ್ಲರೂ ಹೊಲಕ್ಕೆ ಹೊರಟಿದ್ರು, ಅವರ ಜೊತೆ ನಾನೂ ಹೋದೆ. ಸಮಾಧಿ ಅಂದ್ರೆ ಹಸಿ ಮಣ್ಣಿನ ದಿಬ್ಬ, ಆಚೆಗೆ ಹೊಸ ಲೇಔಟಿನ ಕಾಂಪೌಂಡು. ಅಯ್ಯನೋರು ಮಂತ್ರ ಹೇಳಿದ್ರು. ಪ್ರಶಾಂತ ಹಾಲು ಬಿಟ್ಟ, ತುಪ್ಪ ಬಿಟ್ಟ. ಬಿಸಿಲಿಗೆ ಮಣ್ಣು ಗಟಗಟ ಕುಡೀತು. ನಾನು ಕೈ ಮುಗಿದು ಮನಸ್ಸಿನಾಗೇ, "ನಿಮ್ಮ ಮಾತು ಇವತ್ತು ನಡೆಸ್ತೀನಿ ಗೌಡ್ರೆ" ಅಂದೆ.

ಮನೆಗೆ ಬಂದು ಕಸ್ತೂರಮ್ಮನ ಪಕ್ಕ ಕೂತೆ. ಆಯಮ್ಮ ಗೋಡೆಗೆ ಒರಗಿದ್ರು. ಅತ್ತ ಹಂಗೆ ಕಾಣಲಿಲ್ಲ, ಒಣಗಿದ್ರು. ಸುತ್ತ ನೆಂಟರು. ಮೆಲ್ಲಗೆ ಕೇಳಿದೆ.

"ಅಮ್ಮಾ, ಗೌಡ್ರದು ಒಂದು ಡಬ್ಬಿ ಚೀಲ ಇತ್ತಲ್ಲ, ಒಡೆದಿರಲಿಲ್ಲ."

"ಕೊಟ್ಟು ಕಳಿಸಿದೆ" ಅಂದ್ರು.

"ಯಾರಿಗೆ ಕೊಟ್ರಿ?"

"ಅವರಿಗೇ."

ನನಗೆ ತಿಳೀಲಿಲ್ಲ. ಆಯಮ್ಮ ಬಿಡಿಸಿ ಹೇಳಿದ್ರು, ಪಾಠ ಒಪ್ಪಿಸಿದಂಗೆ. "ಕೊನೇಗೆ ಅವರು ಒಂದೇ ಕೇಳ್ತಿದ್ರು ದ್ಯಾಮವ್ವ. ಅಲ್ಲಿಗೆ ಹೋದ ಮ್ಯಾಲೂ ಹಿಂಗೇ ಇರ್ತೈತೇನೇ, ಶಿವನ ಮುಂದೆ ನಾರ್ಕಂತ ಹೆಂಗೆ ಕೂಡ್ಲಿ ಅಂತ. ನಾನು ಮಾತು ಕೊಟ್ಟೆ, ಚೀಲ ಇಟ್ಟೇ ಕಳಿಸ್ತೀನಿ, ಹೆದರಬ್ಯಾಡ್ರಿ ಅಂತ. ಗುಂಡಿಯಾಗೆ ಕೂಡ್ರಿಸಿ, ವಿಭೂತಿ ಬಿಲ್ಪತ್ರೆ ಇಟ್ಟ ಮ್ಯಾಲೆ, ಡಬ್ಬೀನ ಬಿಳೀ ಬಟ್ಟೆಯಾಗೆ ಸುತ್ತಿ ಅವರ ಮಡಿಲಾಗೆ ಇಟ್ಟೆ. ಏನಮ್ಮಾ ಅದು ಅಂದ್ರು ಅಯ್ಯನೋರು. ಅವರ ಸಾಮಾನು ಅಂದೆ. ಎಲೆ ಅಡಿಕೆ ಸಂಚಿ ಇಡ್ತಾರೆ, ಕನ್ನಡಕ ಇಡ್ತಾರೆ. ಯಾರೂ ಬ್ಯಾಡ ಅನ್ನಲಿಲ್ಲ."

ಈಗ ತಾನೇ ಅದರ ಮ್ಯಾಲೆ ಹಾಲು ಸುರಿದು ಬಂದಿದ್ದೆ ನಾನು. ನನ್ನ ತಲೆ ಕೆಟ್ಟುಹೋತು. ಸತ್ತ ಮನೆ, ನೆಂಟರು ಕೂತಾರೆ ಅನ್ನೋದು ಮರೆತೇಹೋತು.

"ಹೆಣಕ್ಕೆ ಚೀಲ ಯಾಕ್ರೀ ಬೇಕು?" ಅಂತ ಕಿರುಚಿದೆ. "ಏನ್ ತಿಂತಾರ್ರೀ ಅಲ್ಲಿ ಗೌಡ್ರು, ಏನ್ ಹೊರಗೆ ಬರ್ತೈತೆ? ಬದುಕಿರೋ ಮನುಷ್ಯ ಹರಿಹರದಾಗೆ ಪಾಲಿಥಿನ್ ಕಟ್ಕಂಡು ಕೂತಾನೆ, ಹೊಟ್ಟೆ ಚರ್ಮ ಸುಲಿದುಹೋಗೈತೆ, ನೀವು ಒಡೆಯದಿರೋ ಡಬ್ಬೀನ ಮಣ್ಣಿಗೆ ಹಾಕಿ ಬಂದೀರಿ! ಅಯ್ಯೋ ನಿಮ್ಮ ಭಕ್ತಿಗಿಷ್ಟು!"

ಯಾರೋ "ಎಬ್ಬಿಸ್ರಿ ಆಯಮ್ಮನ್ನ" ಅಂದ್ರು. ಪ್ರಶಾಂತ ಬಂದು ನನ್ನ ರಟ್ಟೆ ಹಿಡಿದ. ಕಸ್ತೂರಮ್ಮ ಮಾತ್ರ ಅಲ್ಲಾಡಲಿಲ್ಲ. "ಬಿಡು ಅವಳನ್ನ" ಅಂದ್ರು ಮಗನಿಗೆ. ಆಮ್ಯಾಲೆ ನನಗೆ, "ಹರಿಹರದಾಗೆ ಯಾರು?"

ಎಲ್ಲಾ ಹೇಳಿದೆ. ತಿಂಗಳು ತಿಂಗಳು ಜೋಳದ ಹಿಟ್ಟಿನ ಚೀಲದಾಗೆ ಹೋಗ್ತಿದ್ದ ಅರ್ಧ ಡಬ್ಬಿ, ಆಮ್ನಾ ಮದುವೆ, ಗೌಡ್ರು ಕೈ ಹಿಡಿದು ಹೇಳಿದ್ದು.

"ನನಗೆ ಹೇಳಲಿಲ್ವಲ್ಲ ಅವರು" ಅಂದ್ರು ಕಸ್ತೂರಮ್ಮ. ಅಷ್ಟೇ ಅಂದಿದ್ದು. ನಾನು ಚಪ್ಪಲಿ ಮೆಟ್ಟಿ ಹೊರಟುಬಂದೆ. ದಾರಿ ತುಂಬಾ ಆಯಮ್ಮನ್ನ ಬೈಕಂತನೇ ಬಂದೆ.

ಮದುವೆಗೆ ವಾರ ಇತ್ತು. ದಾವಣಗೆರೆಯಾಗೆ ಈ ಚೀಲ ಇಡೋ ಅಂಗಡಿ ಒಂದೋ ಎರಡೋ. ಬೆಂಗಳೂರಿಂದ ಬರಬೇಕು, ಮ್ಯಾಲೆ ಸಾಲು ಸಾಲು ರಜೆ, ಮದುವೆ ಮುಗಿದ ಮ್ಯಾಲೇ ಬರೋದು ಅಂದ್ರು. ಸಂಘದ ಎಲ್ಲರಿಗೂ ಫೋನ್ ಹಚ್ಚಿದೆ. ಕೆಲವರು ನಿಜವಾಗ್ಲೂ ಇಲ್ಲ ಅಂದ್ರು, ಕೆಲವರು ಇಲ್ಲ ಅಂತ ಸುಳ್ಳು ಹೇಳಿದ್ರು. ಸುಳ್ಳು ಹೇಳಿದೋರ ಮ್ಯಾಲೂ ನನಗೆ ಸಿಟ್ಟಿಲ್ಲ. ನಾಳೆ ನನ್ನ ಹೊಟ್ಟೆಗೆ ಏನು ಅಂತ ಹೆದರಿಕೆ ನನಗೂ ಐತೆ. ನನ್ನ ಹತ್ರ ಎರಡೇ ಇದ್ವು. ಒಂದು ಮೈ ಮ್ಯಾಲೆ ಇತ್ತು, ಇನ್ನೊಂದನ್ನ ತಗಂಡು ಹರಿಹರದ ಬಸ್ಸು ಹತ್ತಿದೆ.

ಮಸ್ತಾನಸಾಬ್ರ ಹೆಂಡ್ತಿ ಇಮಾಂಬೀ ಅಂಗಳದಾಗೆ ಪಾತ್ರೆ ತೊಳೀತಿದ್ರು. ನನ್ನ ಕೈ ನೋಡಿದ್ರು, ಡಬ್ಬಿ ಕಾಣಲಿಲ್ಲ. ಏನೂ ಕೇಳದೆ ಹಿಂದಿನ ಖೋಲಿ ತೋರಿಸಿದ್ರು.

ಮಸ್ತಾನಸಾಬ್ರು ಕವರು ಸರಿಸಿ ಹೊಟ್ಟೆ ತೋರಿಸಿದ್ರು. ಹೊರಗೆ ತಂದ ಕರುಳಿನ ಬಾಯಿ ಸುತ್ತ ಅಂಗೈ ಅಗಲ ಚರ್ಮವೇ ಇಲ್ಲ, ಹಸಿ ಮಾಂಸ. ಇದರ ಮ್ಯಾಲೆ ಎಂಥ ಚೀಲವೂ ಗಟ್ಟಿ ಹಿಡಿಯಲ್ಲ. ಡಬ್ಬಿ ಕತೆ ಹೇಳಿದೆ. ಬೈತಾರೆ ಅಂದ್ಕಂಡಿದ್ದೆ. ಅವರು ನಗಾಕೆ ಹತ್ತಿದ್ರು, ಕವರು ಒತ್ತಿ ಹಿಡ್ಕಂಡು ನಕ್ಕರು.

"ಗೌಡ್ರಿಗೆ ಬೇಕಾಗಿತ್ತು ಬಿಡಕ್ಕಾ. ದೊಡ್ಡೋರ ಮುಂದೆ ಹೋಗೋ ಹೊತ್ತು. ಮೊದಲ ದಿನ ಸಂಘದ ಬಾಗಿಲಾಗೆ ನಿಂತಂಗೆ ಅಲ್ಲೂ ನಿಂತ್ಕಂಡ್ರೆ, ಕೈ ಹಿಡ್ಕಂಡು ಕರೆಯಾಕೆ ನಾನೆಲ್ಲಿ ಇದೀನಿ."

"ನಿಮಗೇನೂ ಅನ್ಸಲ್ವಾ?" ಅಂದೆ ಸಿಟ್ಟಿನಿಂದ.

"ಅನ್ಸತೈತೆ" ಅಂದ್ರು, ನಗು ನಿಂತಿತು. "ಮಗಳ ಪಕ್ಕ ಕೂಡಬೇಕು ಅಂತ ಅನ್ಸತೈತೆ. ಒಂದು ಹೊತ್ತು ಅಕ್ಕಾ. ಒಂದು ಹೊತ್ತು ಮನುಷ್ಯನಂಗೆ ಕೂತು ಎದ್ದರೆ ಸಾಕು."

ನನ್ನ ಚೀಲ ಕೊಟ್ಟೆ. ಆಮ್ನಾಳ ಮದುವೆ ಬಟ್ಟೆ ಹೊಲಿದಿದ್ದು ನಾನೇ. ಉಳಿದ ಹಸಿರು ಚೂರಿನಾಗೆ ಚೀಲಕ್ಕೊಂದು ಕವರ್ ಹೊಲಿದು ತಂದಿದ್ದೆ, ಅದನ್ನೂ ಕೊಟ್ಟೆ. ಹೊಟ್ಟೆಗೆ ಪುಡಿ ಉದುರಿಸಿ ಚರ್ಮ ಒಣಗಿಸ್ಕಳ್ರಿ, ಬೆಳಿಗ್ಗೆ ಅಂಟಿಸ್ಕಳ್ರಿ, ಅರ್ಧ ತುಂಬಿದ ಕೂಡ್ಲೇ ಖಾಲಿ ಮಾಡ್ರಿ ಅಂತ ಹೇಳಿದೆ. ಅವರು ಆ ಹಸಿರು ಬಟ್ಟೆಯನ್ನ ಬೆರಳಿನಾಗೆ ಸವರ್ತಾ ಕೂತಿದ್ರು.

ನಿಕಾಹ ಹರಿಹರದ ಒಂದು ಶಾದಿಮಹಲಿನಾಗೆ. ಹೆಂಗಸರ ಕಡೆಯಿಂದ ಪರದೆ ಸರಿಸಿ ನೋಡಿದೆ. ಬಿಳೀ ಜುಬ್ಬಾ, ತಲೆ ಮ್ಯಾಲೆ ಟೋಪಿ, ಗಡ್ಡ ತಿದ್ದಿಸಿ, ಖಾಜಿಯೋರ ಪಕ್ಕ ಮಸ್ತಾನಸಾಬ್ರು ಕೂತಿದ್ರು. ಬೆನ್ನು ಅವರೇ ಮಾಡಿದ ಕಪಾಟಿನಂಗೆ ನೆಟ್ಟಗಿತ್ತು. ಆವತ್ತು ಪಂಕ್ತಿಯಿಂದ ಎದ್ದುಹೋದೋರೂ ಬಂದು ತಬ್ಬಿಕಂಡ್ರು, ಯಾರೂ ಮೂಗಿಗೆ ಕೈ ಹಚ್ಚಲಿಲ್ಲ. ಆಮ್ನಾ ಒಳಗಿಂದ ಕಬೂಲ್ ಅಂದಾಗ ಇಮಾಂಬೀ ನನ್ನ ಕೈ ಹಿಂಡಿಬಿಟ್ರು. ನಾನು ಅತ್ತೆ. ಅಳಾಕೆ ನನಗೇನು ನಾಚಿಕೆ?

ಮಸ್ತಾನಸಾಬ್ರು ಊಟಕ್ಕೆ ಎಲ್ಲರನ್ನೂ ಎಬ್ಬಿಸ್ತಾ, ಬಡಿಸೋರಿಗೆ ಹೇಳ್ತಾ ಓಡಾಡ್ತಿದ್ರು. ಹತ್ರ ಬಂದಾಗ ನೋಡಿದೆ. ತುಟಿ ಸೀಳಿದ್ವು. ಕಣ್ಣು ಒಳಗೆ ಹೋಗಿದ್ವು. ಮಾತಾಡಿದ್ರೆ ನಾಲಿಗೆ ಅಂಗುಳಕ್ಕೆ ಅಂಟಿ ಬಿಡ್ತಿತ್ತು.

"ನೀರು ಕುಡಿದ್ರಾ?" ಅಂದೆ.

"ಇವತ್ತು ರೋಜಾ ಅಕ್ಕಾ" ಅಂತ ನಕ್ಕರು. "ಎಷ್ಟು ವರ್ಷ ಆಗಿತ್ತು. ನಿನ್ನೆಯಿಂದ ಹಿಡಿದೀನಿ. ನೋಡು, ಚೀಲ ಒಣ ಒಣ."

ನಮ್ಮಲ್ಲಿ ಇದನ್ನ ಎಲ್ಲರೂ ಮಾಡ್ತಾರೆ. ಬೀಗರ ಮನೆಗೆ ಹೋಗಬೇಕು ಅಂದ್ರೆ ಹಿಂದಿನ ದಿನದಿಂದ ಹೊಟ್ಟೆ ಖಾಲಿ ಬಿಡ್ತೀವಿ. ನನ್ನಂಥ ದೊಡ್ಡ ಕರುಳಿನೋರಿಗೆ ಹಸಿವಾಗ್ತೈತೆ ಅಷ್ಟೆ. ಇವರಿಗೆ ಅದು ಸಾವು. ಅದು ಅವರಿಗೂ ಗೊತ್ತಿತ್ತು.

"ರೋಜಾ ಅಲ್ಲ, ನಿಮ್ಮ ತಲೆ!" ಅಂತ ಅಲ್ಲೇ ಗದರಿದೆ. "ಈ ಬಿಸಿಲಿಗೆ ಸಾಯ್ತೀರಿ ಮಾರಾಯ್ರೆ! ಕುಡೀರಿ ಮೊದಲು." ಉಪ್ಪು ಸಕ್ಕರೆ ಹಾಕಿ ಒಂದು ಲೋಟ ನೀರು ಕೈಗೆ ಕೊಟ್ಟೆ.

"ಕುಡಿದ್ರೆ ಹರೀತೈತೆ. ಈ ಚರ್ಮದ ಮ್ಯಾಲೆ ಚೀಲ ನಿಂತಿರೋದೇ ಅಲ್ಲಾನ ದಯೆ. ಬಿಚ್ಚಿದ್ರೆ ಇನ್ನೊಂದಿಲ್ಲ" ಅಂದ್ರು. "ಮಗಳು ಗಾಡಿ ಹತ್ತಲಿ. ಹತ್ತಿದ ಕೂಡ್ಲೇ ಕುಡೀತೀನಿ, ನಿನ್ನಾಣೆ." ಲೋಟ ಹಿಡ್ಕಂಡೇ ಹೋದ್ರು. ಆಮ್ಯಾಲೆ ನೋಡಿದ್ರೆ ಅದು ಕುರ್ಚಿ ಕೆಳಗೆ ತುಂಬಿದ್ದು ತುಂಬಿದಂಗೇ ಇತ್ತು. ಇನ್ನೊಂದೇ ಒಂದು ಚೀಲ ಜೇಬಿನಾಗೆ ಇದ್ದಿದ್ರೆ ಆ ಮನುಷ್ಯ ನೀರು ಕುಡೀತಿದ್ದ. ಶಾಮನೂರಿನ ಮಣ್ಣಿನಾಗೆ ಒಂದು ಡಬ್ಬಿ ಪೂರಾ ಐತಲ್ಲ ಅಂತ ನನ್ನ ಹೊಟ್ಟೆ ಉರೀತು.

ಬಿಸಿಲು ಇಳಿಯೋ ಹೊತ್ತಿಗೆ ಆಮ್ನಾ ಗಾಡಿ ಹತ್ತಿದಳು. ಅಪ್ಪ ಮಗಳ ತಲೆ ಸವರಿ, ಬಾಗಿಲು ಹಾಕಿ, ಗಾಡಿ ತಿರುವಿನಾಗೆ ಮರೆಯಾಗೋ ತನಕ ಕೈ ಎತ್ತೇ ನಿಂತಿದ್ರು. ಕೈ ಇಳಿಸಿದ್ರು, ಕುಸಿದ್ರು. ಹಿದಾಯತ್ ಎತ್ತಿಕಂಡು ದಾವಣಗೆರೆ ಆಸ್ಪತ್ರೆಗೆ ಓಡಿದ. ಕಿಡ್ನಿ ನಿಂತಾವೆ ಅಂದ್ರು. ಎರಡು ದಿನ ಸಲೈನು, ಮಿಷನ್ನು ಎಲ್ಲಾ ಹಚ್ಚಿದ್ರು. ಕಣ್ಣು ಬಿಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಹೋಗಿಬಿಟ್ರು.

ಮಯ್ಯತ್ತನ್ನ ಹರಿಹರಕ್ಕೆ ತಂದ್ರು. ಅಂಗಳದಾಗೆ ಮದುವೆ ಪೆಂಡಾಲು ಇನ್ನೂ ಬಿಚ್ಚಿರಲಿಲ್ಲ, ಅದರ ಕೆಳಗೇ ಜನ ಕೂತ್ರು. ಆಮ್ನಾ ಕೈಯಾಗೆ ಮೆಹೆಂದಿ ಹಂಗೇ ಇತ್ತು. ನಾನು ಇಮಾಂಬೀ ಪಕ್ಕ ಕೂತಿದ್ದೆ, ಆಗ ಫೋನ್ ಬಂತು. ಕಸ್ತೂರಮ್ಮ.

"ದ್ಯಾಮವ್ವ, ಡಬ್ಬಿ ಬಂತು. ಅವತ್ತೇ ಪ್ರಶಾಂತಗೆ ಹೇಳಿ ತರಿಸಿದೆ, ಇವತ್ತು ಕೈಗೆ ಸಿಕ್ತು. ಅವರ ಮನೆ ಎಲ್ಲಿ ಹೇಳು, ನಾನೇ ಕೊಟ್ಟು ಬರ್ತೀನಿ."

"ಬ್ಯಾಡ ಬಿಡ್ರಿ" ಅಂದೆ. ನನ್ನ ದನಿಯಾಗೆ ವಿಷ ಇತ್ತು. "ಮಸ್ತಾನಸಾಬ್ರು ಹೋಗಿಬಿಟ್ರು. ಇನ್ನು ಯಾರಿಗೆ ಕೊಡ್ತೀರಿ?"

"ಮನೆ ಎಲ್ಲಿ ಹೇಳು" ಅಂದ್ರು ಕಸ್ತೂರಮ್ಮ. ಹೇಳಿದೆ.

ಗಂಡ ಸತ್ತು ತಿಂಗಳು ತುಂಬೋ ತನಕ ಹೆಂಡ್ತಿಯಾದೋಳು ಹೊಸ್ತಿಲು ದಾಟಂಗಿಲ್ಲ ಅನ್ನೋ ಮನೆ ಗೌಡ್ರದು. ಆಯಮ್ಮ ಬಂದ್ರು. ಮಗನ ಕಾರಿನಿಂದ ಇಳಿದು, ಬೋಳು ಹಣೆಗೆ ವಿಭೂತಿ, ಎದೆಗೆ ಅವುಚಿದ ಡಬ್ಬಿ. ಹೆಂಗಸರ ನಡುವೆ ದಾರಿ ಮಾಡ್ಕಂಡು ಬಂದು ಇಮಾಂಬೀ ಮುಂದೆ ಕೂತ್ರು. ಇಬ್ಬರೂ ಒಬ್ಬರನ್ನೊಬ್ಬರು ಕಂಡೇ ಇರಲಿಲ್ಲ. ಇಮಾಂಬೀ ಡಬ್ಬಿ ನೋಡಿದ್ರು, ಆಯಮ್ಮನ ಮುಖ ನೋಡಿದ್ರು, ಯಾರು ಅಂತ ಯಾರೂ ಹೇಳಬೇಕಾಗಲಿಲ್ಲ.

ಒಳಗೆ ಗಂಡಸರು ಹೆಣಕ್ಕೆ ಗುಸುಲ್ ಮಾಡಿಸ್ತಿದ್ರು, ಕೊನೇ ಸ್ನಾನ. ಹಿದಾಯತ್ ತೋಯ್ದ ಕೈಯಾಗೇ ಹೊರಗೆ ಬಂದ. "ಭಾಬೀ, ಹಳೇ ಚೀಲ ಕಿತ್ತುಬಂತು. ಎಷ್ಟು ತೊಳೆದ್ರೂ ಇನ್ನೂ ಬರ್ತೈತೆ. ಹತ್ತಿ ಒತ್ತಿದ್ವಿ, ನಿಲ್ಲಂಗಿಲ್ಲ. ಹೊದಿಸೋ ಕಫನ್ ಬಟ್ಟೆ ಹೊಲಸಾಗ್ತೈತೆ" ಅಂದ.

ಇಮಾಂಬೀ ನನ್ನ ಕಡೆ ತಿರುಗಿದ್ರು. "ಅಕ್ಕಾ, ಒಂದೇ ಒಂದು. ಹಂಗೇ ಕಳಿಸಬ್ಯಾಡ ಅವರನ್ನ."

ಹೆಣಕ್ಕೆ ಚೀಲ ಯಾಕ್ರೀ ಬೇಕು ಅಂತ ಕಿರುಚಿದ ಬಾಯಿ ನನ್ನದು.

ಕಸ್ತೂರಮ್ಮ ನನ್ನನ್ನ ನೋಡಲಿಲ್ಲ, ಅದು ಅವರ ದೊಡ್ಡತನ. ಡಬ್ಬಿ ಒಡೆದ್ರು, ಒಂದು ಚೀಲ ತೆಗೆದ್ರು. "ಬಾಯಿ ಎಷ್ಟು ಅಗಲ ಐತಪ್ಪಾ?" ಅಂತ ಹಿದಾಯತ್‌ನ ಕೇಳಿದ್ರು. ಅವನು ಹೆಬ್ಬೆರಳು ತೋರುಬೆರಳು ಸೇರಿಸಿ ತೋರಿಸಿದ. ಆಯಮ್ಮ ನನ್ನ ಕಡೆ ಕೈ ಚಾಚಿದ್ರು. ನನ್ನ ಹತ್ರ ಸಣ್ಣ ಕತ್ತರಿ ಯಾವಾಗಲೂ ಇರ್ತೈತೆ, ಕೊಟ್ಟೆ. ಅಂಟಿನ ನಡುವೆ ದುಂಡಗೆ ಕತ್ತರಿಸಿದ್ರು. ವರ್ಷಗಟ್ಟಲೆ ಗಂಡನಿಗೆ ಮಾಡಿದ ಕೈ, ಒಂಚೂರೂ ಸೊಟ್ಟ ಇಲ್ಲ. ಕತ್ತರಿಸಿದ ಅಂಚನ್ನ ಬೆರಳಿನಿಂದ ಸುತ್ತಾ ಸವರಿದ್ರು.

"ಅಂಚು ಚುಚ್ಚಬಾರ್ದು" ಅಂದ್ರು, ತಮ್ಮಷ್ಟಕ್ಕೆ.

ಹಿದಾಯತ್ ಕೈ ಚಾಚಿದ. ಆಯಮ್ಮ ಕೊಡಲಿಲ್ಲ. ಚೀಲದ ಅಂಟನ್ನ ಎರಡೂ ಅಂಗೈ ನಡುವೆ ಇಟ್ಟು ಒತ್ತಿ ಹಿಡ್ಕಂಡು ಕೂತ್ರು. "ಇರಪ್ಪಾ. ಮೈ ತಣ್ಣಗಾಗಿರ್ತೈತೆ. ಬಿಸಿ ಮಾಡಿದ್ರೇನೇ ಹಿಡಿಯೋದು. ನಮ್ಮನೆಯೋರಿಗೂ ಹಿಂಗೇ ಮಾಡಿದ್ದೆ." ಇಮಾಂಬೀ ಮುಂದಕ್ಕೆ ಸರಿದು, ಆಯಮ್ಮನ ಕೈ ಮ್ಯಾಲೆ ತಮ್ಮ ಕೈ ಇಟ್ಟು ಮುಚ್ಚಿದ್ರು.

ಆಮ್ಯಾಲೆ ಹಿದಾಯತ್ ತಗಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು, "ನಿಂತಿತು" ಅಂದ.

ಕಸ್ತೂರಮ್ಮ ಡಬ್ಬಿ ಮುಚ್ಚಾಕೆ ಹೋಗಿ ತಡೆದ್ರು. ಈಗ ನನ್ನ ಮುಖ ನೋಡಿದ್ರು, ತಪ್ಪು ಮಾಡಿದ ಹುಡುಗಿಯಂಗೆ. "ಒಂದು ಸಾಕಾಗ್ತೈತಾ ದ್ಯಾಮವ್ವ? ಜೊತೆಗೆ ಇನ್ನೊಂದಿಷ್ಟು ಇಡಾದು ಬ್ಯಾಡ್ವಾ?"

ನಾನು ಬೈಲಿಲ್ಲ. ಬೈಯಾಕೆ ಏನೂ ಉಳಿದಿರಲಿಲ್ಲ.

"ಒಂದು ಸಾಕಮ್ಮಾ" ಅಂದೆ. "ಸಾಲದಿದ್ರೆ ಗೌಡ್ರ ಮಡಿಲಾಗೆ ಡಬ್ಬಿ ಐತಲ್ಲ. ಅರ್ಧ ಕೊಡ್ತಾರೆ ಬಿಡ್ರಿ."

ಗಂಡ ಹೋದಾಗಿಂದ ಒಣಗಿ ಕೂತಿದ್ದ ಹೆಂಗಸು ಇಮಾಂಬೀ ಹೆಗಲಿಗೆ ತಲೆ ಹಚ್ಚಿ ಜೋರಾಗಿ ಅತ್ತುಬಿಟ್ರು. ಅಷ್ಟರಾಗೆ ಒಳಗಿಂದ ಗಂಡಸರು ಮಯ್ಯತ್ ಎತ್ತಿಕಂಡು ಹೊರಗೆ ಬಂದ್ರು. ಕಫನ್ ಬೆಳ್ಳಗಿತ್ತು.